ಕಂಬಿಗೆ ಎಣ್ಣೆ ಇಟ್ಟ ಕಾರ್ತಿಕ

ಹೋದ ಶನಿವಾರ ಸಂಜೆ ಬೋಡಿ ಸ್ಟೇಷನ್ನಿನಲ್ಲಿ ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ಅತ್ತೆಗೆ ಮಧುರೆಯಲ್ಲಿ ಕಣ್ಣು ತೋರಿಸಬೇಕು. ಭಾನುವಾರ ನನ್ನ ತಂಗಿಯ ಮನೆಯಲ್ಲಿ ಇದ್ದು ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದು ಎಂದು ಹೊರಟಿದ್ದೆವು. ಕಿಟಕಿ ಪಕ್ಕದಲ್ಲಿ ಕೂತ ಅತ್ತೆ ಚೀಲದಿಂದ ಪುಟ್ಟ ಸೀಸೆ ತೆಗೆದು, ಹರಳೆಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು ಮಂಡಿಗೆ ತಿಕ್ಕಿಕೊಳ್ಳತೊಡಗಿದರು. ಅದೇ ಹೊತ್ತಿಗೆ ಮುಂದಿನಿಂದ ಇಂಜಿನ್ನಿನ ಕಾದ ಕಬ್ಬಿಣದ ವಾಸನೆ ಗಾಳಿಯಲ್ಲಿ ಬಂತು. ಹರಳೆಣ್ಣೆ, ಕಾದ ಕಬ್ಬಿಣ. ಎರಡೂ ಒಟ್ಟಿಗೆ ಮೂಗಿಗೆ ತಾಗಿದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಎದುರಿನ ಸೀಟಿನ ಹೆಂಗಸು ನನ್ನನ್ನೇ ನೋಡಿದರು. ಅತ್ತೆಗೆ ಮಾತ್ರ ಗೊತ್ತಾಯಿತು.

"ಅದನ್ನ ನೆನೆಸ್ಕಂಡು ನಗ್ತಾ ಇದೀಯಾ? ನಗು ನಗು. ಅವತ್ತು ನೀನು ಅತ್ತಿದ್ದು ನಾ ಕಂಡಿವ್ನಿ" ಎಂದರು.

ಅತ್ತಿದ್ದು ನಿಜ. ಆದರೂ ನನ್ನ ಬದುಕಿನ ಸಂತೋಷದ ಒಂದು ಕಾಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಕಾರ್ತಿಕವನ್ನೇ ಹೇಳುತ್ತೇನೆ.

ನಮ್ಮ ಊರು ತಮಿಳುನಾಡಿನಲ್ಲಿ, ತೇನಿಗೂ ಬೋಡಿಗೂ ನಡುವೆ, ರೈಲು ಕಂಬಿಯ ಪಕ್ಕದಲ್ಲೇ. ನಮ್ಮ ಬೀದಿಯಲ್ಲಿ ಎಲ್ಲರ ಮನೆಮಾತು ಕನ್ನಡ. ನಾನು ಕಂಬಂ ಊರಿನವಳು, ದ್ರಾಕ್ಷಿ ತೋಟದ ಮನೆಯಿಂದ ಬಂದವಳು. ಮದುವೆಯಾಗಿ ಬಂದಾಗ ಇಲ್ಲಿ ಮೀಟರ್ ಗೇಜಿನ ಸಣ್ಣ ಗಾಡಿ ಓಡುತ್ತಿತ್ತು. ನಮ್ಮನೆಯವರಿಗೆ ರೈಲ್ವೆಯಲ್ಲಿ ಕೀಮ್ಯಾನ್ ಕೆಲಸ. ಹೆಗಲಿಗೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್. ದಿನಾ ಬೆಳಿಗ್ಗೆ ತಮ್ಮ ಪಾಲಿನ ಕಂಬಿಯ ಉದ್ದಕ್ಕೂ ನಡೆದು, ಕಂಬಿಯನ್ನು ಹಿಡಿದಿರುವ ಒಂದೊಂದು ಕೊಕ್ಕೆಯನ್ನೂ ನೋಡಿ, ಸಡಿಲವಾಗಿದ್ದರೆ ಬಡಿದು ಬಿಗಿ ಮಾಡಿಕೊಂಡು ಬರುವುದು. ಮಗಳು ಹೊಟ್ಟೆಯಲ್ಲಿದ್ದಾಗ ಸಣ್ಣ ಕಂಬಿ ಕಿತ್ತು ದೊಡ್ಡ ಕಂಬಿ ಹಾಕುತ್ತೇವೆ ಎಂದು ಗಾಡಿ ನಿಲ್ಲಿಸಿದರು. ಕಂಬಿಯೇ ಇಲ್ಲದ ಮೇಲೆ ಕೀಮ್ಯಾನ್ ಯಾತಕ್ಕೆ? ಅವರನ್ನು ದಿಂಡಿಗಲ್ಲಿಗೆ ಹಾಕಿದರು. ಎರಡು ವರ್ಷ ಎಂದರು. ಹತ್ತು ವರ್ಷ ದಾಟಿತು. ಬತ್ತಲಗುಂಡು ಊರಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು, ಬಂದ ಮರುದಿನವೇ ಹೋಗುತ್ತಿದ್ದರು. ಮಗಳ ಮೊದಲ ಮಾತನ್ನು ಅವರು ಕೇಳಿದ್ದು ಫೋನಿನಲ್ಲಿ.

ಅವರು ಹೊರಟ ದಿನವೇ ಅತ್ತೆ ದೇವರ ಮುಂದೆ ನಿಂತು ಹರಕೆ ಹೊತ್ತಿದ್ದರು. "ನಂದಗೋಪಾಲ, ನನ್ ಮಗನ್ನ ಮನೆಗೆ ಕರ್ಕಂಬತ್ತಲ್ಲ, ಆ ಕಂಬಿಗೆ ನನ್ ಕೈಯಾರ ಕಾಯಿಸಿದ ಎಣ್ಣೆ ಇಡ್ತೀನಿ." ನಾನೂ ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ. ಆ ಹರಕೆಯಲ್ಲಿ ತಪ್ಪು ಇದೆ ಎಂದು ನನಗಾಗಲಿ, ದೇವರಿಗಾಗಲಿ ಅನಿಸಲಿಲ್ಲ.

ಯಾಕೆಂದರೆ ನಮ್ಮಲ್ಲಿ ಹೊಸದು ಏನೇ ಬಂದರೂ ಮೊದಲು ಅದರ ನೆತ್ತಿಗೆ ಎಣ್ಣೆ. ಕೂಸಿಗೆ, ಮದುಮಗಳಿಗೆ, ಕೊಂಡುತಂದ ಎತ್ತಿಗೆ, ರುಬ್ಬುವ ಕಲ್ಲಿಗೆ. ನಮ್ಮ ಮಾವ ಬಾವಿಗೆ ಮೋಟಾರು ತಂದಾಗ ಅದಕ್ಕೂ ಒಂದು ಚಮಚ ಎಣ್ಣೆ ಇಟ್ಟಿದ್ದರಂತೆ. ಎಣ್ಣೆ ಇಟ್ಟದ್ದು ಮನೆಯದಾಗುತ್ತದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮೂರಿನ ಹಾದಿಯಲ್ಲಿ ದೊಡ್ಡ ಕಂಬಿ ಬಂದು ಕೂತಿತು. ನಮ್ಮನೆಯವರನ್ನು ಮತ್ತೆ ಇಲ್ಲಿಗೇ ಹಾಕಿದರು. ಪೆಟ್ಟಿಗೆ ಹೊತ್ತು ಅಂಗಳಕ್ಕೆ ಬಂದವರನ್ನು ನೋಡಿ ಮಗಳು, "ಅಪ್ಪಾ, ಎಷ್ಟು ದಿನ ರಜಾ?" ಎಂದು ಕೇಳಿದಳು. ಅವರು ಬಾಗಿಲ ಬಳಿ ಚಪ್ಪಲಿ ಬಿಡುತ್ತಾ, "ರಜಾ ಮುಗೀತು ಕಂದಾ" ಎಂದರು.

ಆದರೆ ಆ ಸಂತೋಷದ ಒಳಗೇ ಒಂದು ಮುಳ್ಳಿತ್ತು. ಇವರನ್ನು ಹಾಕಿದ್ದು ತಾತ್ಕಾಲಿಕ ಎಂದು. ಹೊಸ ಕಂಬಿಯ ಉಸ್ತುವಾರಿಗೆ ಬಂದ ಇಂಜಿನಿಯರ್ ಬಹಳ ಕಟ್ಟುನಿಟ್ಟು. ಯಾರ ಪಾಲಿನ ಕಂಬಿಯಲ್ಲಿ ಸಣ್ಣ ತಪ್ಪು ಕಂಡರೂ ಅವರನ್ನು ರಾಮೇಶ್ವರದ ಕಡೆ, ಸಮುದ್ರದ ಉಪ್ಪು ಗಾಳಿಗೆ ಕಳಿಸುತ್ತಾರೆ ಎಂದು ಜೊತೆಯವರು ಹೇಳುತ್ತಿದ್ದರು. ದಿಂಡಿಗಲ್ಲಾದರೆ ಹದಿನೈದು ದಿನಕ್ಕೊಮ್ಮೆ ಮುಖ ನೋಡಬಹುದು. ರಾಮೇಶ್ವರ ಎಂದರೆ? ನಾನು ದಿನಾ ದೀಪ ಹಚ್ಚುವಾಗ ಅಂದಂದಿನ ದಯೆಗಳನ್ನು ಬೆರಳು ಮಡಿಸಿ ಎಣಿಸುವ ಅಭ್ಯಾಸದವಳು. ಹಾಲು ಒಡೆಯಲಿಲ್ಲ, ಒಂದು. ಮಗಳ ಜ್ವರ ಬಿಟ್ಟಿತು, ಎರಡು. ಆ ಮಳೆಗಾಲವೆಲ್ಲ ಹೆಬ್ಬೆರಳು ಒಂದಕ್ಕೇ ಮೀಸಲು. ಇವತ್ತೂ ಇವರು ಮನೆಯಲ್ಲೇ ಉಂಡರು.

ಕಾರ್ತಿಕಕ್ಕೆ ಹಿಂದಿನ ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿಯಿತು. ಬೋಡಿಮೆಟ್ಟು ಬೆಟ್ಟದ ಮೇಲೆ ಮೋಡ ಕೂತರೆ ಮೂರು ದಿನ ಏಳುವುದಿಲ್ಲ. ಸಂಜೆ ಒದ್ದೆಯಾಗಿ ಬಂದ ಇವರು ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದರು. ಒಂದು ಸಂಜೆ ಮಗಳು ಕೇಳಿದಳು. "ಅಪ್ಪಾ, ಗಾಡಿಗೆ ಸ್ಟೇರಿಂಗ್ ಇಲ್ಲ ಅಲ್ವಾ, ತಿರುವಿನಲ್ಲಿ ಹೆಂಗೆ ತಿರುಗತ್ತೆ?"

ಇವರು ಕುಡಿದಿಟ್ಟ ಲೋಟವನ್ನು ನೋಡಿದರು. ಬಾಯಿ ಅಗಲ, ಬುಡ ಸಣ್ಣ. ಅಂಥ ಎರಡು ಲೋಟ ತೆಗೆದು ಬಾಯಿಗೆ ಬಾಯಿ ಕೂಡಿಸಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಿಂದ ಸುತ್ತಿದರು. ಬಟ್ಟೆ ಒಣಗಿಸುವ ಎರಡು ಬಿದಿರು ಗಳುಗಳನ್ನು ಹೊಸಲಿನಿಂದ ಅಂಗಳಕ್ಕೆ ಇಳಿಜಾರಾಗಿ ಅಕ್ಕಪಕ್ಕ ಇಟ್ಟು, ಲೋಟದ ಜೋಡಿಯನ್ನು ಮೇಲೆ ಇಟ್ಟು ಬಿಟ್ಟರು. ಅದು ಸ್ವಲ್ಪ ಎಡಕ್ಕೆ ವಾಲಿತು, ತಾನೇ ಸರಿಹೋಯಿತು. ಬಲಕ್ಕೆ ವಾಲಿತು, ಮತ್ತೆ ನಡುವಿಗೆ ಬಂತು. ಕೊನೆಯವರೆಗೂ ಬೀಳಲಿಲ್ಲ.

"ರೈಲಿನ ಚಕ್ರಾನೂ ಇಂಗೇ. ನೇರ ಇರಲ್ಲ, ಲೋಟದಂಗೆ ಓರೆ. ಒಳಗಡೆ ದಪ್ಪ, ಹೊರಗಡೆ ಸಣ್ಣ. ಒಂದು ಮಗ್ಗುಲಿಗೆ ಜರುಗಿದ್ರೆ ಆ ಕಡೆ ಚಕ್ರ ದಪ್ಪ ಜಾಗದಲ್ಲಿ ಉರುಳತ್ತೆ, ಜಾಸ್ತಿ ದೂರ ಓಗತ್ತೆ. ಗಾಡಿ ತಾನೇ ತಿರುಗ್ಕಳತ್ತೆ" ಎಂದರು. ಆಮೇಲೆ ಲೋಟಗಳನ್ನು ಬಿಚ್ಚಿ, ಬುಡಕ್ಕೆ ಬುಡ ಕೂಡಿಸಿ ಬಿಟ್ಟರು. ಎರಡು ಗೇಣು ಹೋಗುವಷ್ಟರಲ್ಲಿ ಅದು ಕೆಳಗೆ ಬಿದ್ದು ಕಣ ಕಣ ಎಂದು ಅಂಗಳದ ನೀರಿನಲ್ಲಿ ಉರುಳಿತು.

"ಅದ್ ನನ್ ಕಾಪಿ ಲೋಟ ಕಣ್ಲಾ!" ಎಂದು ಅತ್ತೆ ಒಳಗಿನಿಂದ ಕೂಗಿದರು.

ನಾನು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಇವರು ನನ್ನ ಮೊರದಿಂದ ಒಂದು ಬೀಜ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಲಚ್ಚೀ, ಇದನ್ನ ನೋಡು. ಅಷ್ಟು ದೊಡ್ಡ ಚಕ್ರ ಕಂಬೀನ ಮುಟ್ಟೋದು ಇಷ್ಟೇ ಜಾಗದಲ್ಲಿ. ಇಂಜಿನ್ನಿಗೆ ಅನ್ನೆರಡು ಚಕ್ರ. ಅನ್ನೆರಡು ಉಣಸೆಬೀಜದ ಮೇಲೆ ಪೂರ್ತಿ ಇಂಜಿನ್ ನಿಂತಿರತ್ತೆ."

ನನಗೆ ಮೈ ಜುಮ್ಮೆಂದಿತು. ಒಂದು ಹಿಡಿಗೆ ಸಿಗುವಷ್ಟು ಬೀಜ. ಅದರ ಮೇಲೆ ಬೆಟ್ಟದಂಥ ಇಂಜಿನ್. ದೇವರು ಎಷ್ಟು ಸಣ್ಣದರ ಮೇಲೆ ಎಷ್ಟು ದೊಡ್ಡದನ್ನು ನಿಲ್ಲಿಸುತ್ತಾನೆ ಎಂದು ನಾನು ಆ ಬೀಜವನ್ನು ಕಣ್ಣಿಗೊತ್ತಿಕೊಂಡೆ. ನಿಲ್ಲುವುದನ್ನು ಮಾತ್ರ ಯೋಚಿಸಿದೆ. ಇಂಜಿನ್ ಎಳೆಯುವುದೂ ಅದೇ ಬೀಜದಷ್ಟು ಜಾಗದ ಹಿಡಿತದಿಂದ ಎನ್ನುವುದು ನನ್ನ ತಲೆಗೆ ಹೋಗಲಿಲ್ಲ.

ಅದಾಗಿ ಒಂದೆರಡು ವಾರಕ್ಕೆ ಇವರಿಗೆ ಬುತ್ತಿ ಕೊಡಲು ಊರಾಚೆಯ ತಿರುವಿಗೆ ಹೋಗಿದ್ದೆ. ಇವರು ಮಂಡಿಯೂರಿ ಕೂತು ಡಬ್ಬಿಯಿಂದ ಕಪ್ಪು ಗ್ರೀಸು ತೆಗೆದು ಕಂಬಿಗೆ ಬಳಿಯುತ್ತಿದ್ದರು.

"ಕಂಬಿಗೂ ಎಣ್ಣೆ ಬೇಕಾ?" ಎಂದು ಕೇಳಿದೆ.

"ಬೇಕಲ್ವಾ ಮತ್ತೆ? ತಿರುವಿನಲ್ಲಿ ಚಕ್ರದ ಅಂಚು ಉಜ್ಜತ್ತೆ. ಎಣ್ಣೆ ಇಲ್ಲ ಅಂದ್ರೆ ಎರಡೂ ಸವೀತವೆ."

ಅವರು ಬಳಿಯುತ್ತಿದ್ದುದು ಕಂಬಿಯ ಒಳಮಗ್ಗುಲಿಗೆ, ಅದೂ ತಿರುವಿನಲ್ಲಿ, ಅದೂ ಹೊರಗಿನ ಕಂಬಿಗೆ ಮಾತ್ರ. ಮೇಲ್ಮೈಗೆ ಒಂದು ತೊಟ್ಟೂ ತಾಗದ ಹಾಗೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು. ಕಣ್ಣಿಗೆ ಅದೆಲ್ಲ ಕಂಡಿತ್ತು, ಬುದ್ಧಿಗೆ ಕಾಣಲಿಲ್ಲ. ಮನೆಗೆ ಬಂದವಳೇ ಹೇಳಿದೆ. "ಅತ್ತೆ, ಕಂಬಿಗೂ ಎಣ್ಣೆ ಬೇಕಂತೆ. ಇವ್ರೇ ಏಳಿದ್ರು." ಇಷ್ಟಕ್ಕೆಲ್ಲ ಕಾರಣ ಆ ಒಂದು ಮಾತು. ಹೇಳಿದ್ದು ನಾನು.

ಅತ್ತೆಯ ಕಾಲಿಗೆ ಚಕ್ರ ಬಂತು. ಮಳೆ ಬಿಟ್ಟ ಎರಡು ದಿನದಲ್ಲಿ ಹರಳು ಒಣಗಿಸಿ, ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಬೆರೆಸಿ ಕಾಯಿಸಿದರು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಮೆಲ್ಲಗೆ ತೆಗೆದು ತಂಬಿಗೆಗೆ ತುಂಬಿದರು. ವಾಸನೆ ಇಡೀ ಬೀದಿಗೆ ಹಬ್ಬಿತು. ಬಸ್ ಸ್ಟಾಪಿನಲ್ಲಿ ಕಡಲೆಕಾಯಿ ಹುರಿದು ಮಾರುವ ವಳ್ಳಿಯಕ್ಕ ಎದುರು ಮನೆಯವಳು. ಮೂಗು ಮುಚ್ಚಿಕೊಂಡು ಬಂದು ವಿಷಯ ಕೇಳಿದಳು. ಕೇಳಿದ್ದೇ ಆಯಿತು. "ನಿಮ್ ಮಗ ಬಂದದ್ದಕ್ಕೆ ನೀವು ಎಣ್ಣೆ ಇಟ್ರೆ, ಗಾಡಿ ಬರೋದು ಊರಿಗಲ್ವಾ? ನಮ್ ಮನೆ ಎಣ್ಣೇನೂ ಇರ್ಲಿ." ಸಂಜೆಯ ಹೊತ್ತಿಗೆ ಬೀದಿಯ ಎಲ್ಲ ಮನೆಗಳೂ ಸೇರಿದವು. ಯಾರ ಮನೆಗೆ ಯಾವ ಜಾಗ ಎಂದು ಜಗಳವಾಗಬಾರದಲ್ಲ, ಒಂದೊಂದು ಮನೆಗೆ ಒಂದೊಂದು ಮಾರು ಕಂಬಿ ಎಂದು ಅತ್ತೆಯೇ ತೀರ್ಮಾನ ಮಾಡಿದರು. ಎರಡೂ ಕಂಬಿಗೆ. ಅರ್ಧ ಇಡಬಾರದು.

ಕಾರ್ತಿಕ ದೀಪದ ಮರುದಿನ ಜಲ್ಲಿ ತುಂಬಿದ ಗಾಡಿಯನ್ನು ಎಳೆದುಕೊಂಡು ದೊಡ್ಡ ಇಂಜಿನ್ ಮೊದಲ ಬಾರಿ ನಮ್ಮೂರು ದಾಟಿ ಬೋಡಿಗೆ ಹೋಗುವುದಿತ್ತು. ಇವರು ಬೆಳಗಾಗುವ ಮುಂಚೆಯೇ ಬೋಡಿಯ ಕಡೆ ಕಂಬಿ ನೋಡಲು ಹೋದರು. ಹೋಗುವಾಗ, "ಇವತ್ತು ಇಂಜಿನಿಯರ್ ಸಾರ್ ಇಂಜಿನ್ನಿನಲ್ಲೇ ಬರ್ತಾರೆ. ಸಾಮಿಗೆ ಒಂದು ದೀಪ ಜಾಸ್ತಿ ಹಚ್ಚು" ಎಂದರು. ನಾನು ಎರಡು ಹಚ್ಚಿದೆ. ಆಮೇಲೆ ನಾವೆಲ್ಲ ತಂಬಿಗೆ, ಅರಿಸಿನ, ಕುಂಕುಮ ಹಿಡಿದು ರಸ್ತೆ ಕಂಬಿಯನ್ನು ದಾಟುವಲ್ಲಿಗೆ ಹೋದೆವು. ಆಗಿನ್ನೂ ಅಲ್ಲಿ ಗೇಟು ಕೂತಿರಲಿಲ್ಲ. ರಾತ್ರಿ ಮಳೆಗೆ ಕಂಬಿ ಒದ್ದೆಯಾಗಿತ್ತು. ನಮ್ಮ ಸೆರಗಿನಿಂದಲೇ ಒರೆಸಿ, ಅತ್ತೆ ಮೊದಲ ಅಂಗೈ ಎಣ್ಣೆ ಇಟ್ಟರು. ಕೂಸಿಗೆ ಇಡುವ ಹಾಗೆ ನಡುನೆತ್ತಿಗೆ ಹನಿಸಿ, ನಿಧಾನವಾಗಿ ತಟ್ಟಿ ತಟ್ಟಿ. ಅವರ ಕಣ್ಣು ತುಂಬಿತ್ತು. ಹಿಂದೆಯೇ ಇಡೀ ಬೀದಿ.

ಇಂಜಿನ್ ಬಂತು. ಅಬ್ಬಾ, ಆ ಸದ್ದಿಗೆ ನೆಲ ಎದೆಗೆ ಬಂದು ಬಡಿಯಿತು. ಹಾರ ಹಿಡಿದು ನಿಂತ ನಮ್ಮನ್ನು ಕಂಡು ಡ್ರೈವರ್ ನಗುತ್ತಾ ನಿಲ್ಲಿಸಿದರು. ಹಾರ ಹಾಕಿದೆವು, ಕಾಯಿ ಒಡೆದೆವು, ಕೈ ಬೀಸಿದೆವು. ಡ್ರೈವರ್ ಹಾರನ್ ಹಾಕಿ ಹೊರಡಿಸಿದರು.

ಚಕ್ರ ತಿರುಗಿತು. ಇಂಜಿನ್ ಕದಲಲಿಲ್ಲ.

ಇನ್ನೊಮ್ಮೆ ಗರ್ಜಿಸಿತು. ಚಕ್ರಗಳು ನಿಂತಲ್ಲೇ ಗಿರ ಗಿರ ಸುತ್ತಿದವು. ಕೆಳಗಿನಿಂದ ಸಣ್ಣಗೆ ಹೊಗೆ ಬಂತು, ಸುಟ್ಟ ಹರಳೆಣ್ಣೆಯ ವಾಸನೆ ಬಂತು. ಬೋಡಿಯ ಕಡೆಗೆ ಏರು, ಹಿಂದೆ ಜಲ್ಲಿಯ ಭಾರ, ಮೇಲೆ ತುಂತುರು ಮಳೆ. ಡ್ರೈವರ್ ತಕ್ಷಣ ನಿಲ್ಲಿಸಿದರು. ಜಾರಿದಾಗ ಸುರಿಯಲೆಂದು ಇಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆ ಇರುತ್ತದಂತೆ. ವಾರದ ಮಳೆಗೆ ಆ ಮರಳು ಒದ್ದೆಯಾಗಿ ಕೊಳವೆಯಲ್ಲೇ ಕಟ್ಟಿಕೊಂಡಿತ್ತು.

"ಊರಮ್ಮ ತಡೀತಾ ಅವ್ಳೆ! ಇನ್ನೊಂದು ಕಾಯಿ ಒಡೀರಿ!" ಎಂದು ಯಾರೋ ಕೂಗಿದರು.

ಇನ್ನೊಂದು ಕಾಯಿ ಒಡೆಯುವಷ್ಟರಲ್ಲಿ ಇಂಜಿನಿಯರ್ ಕೆಳಗಿಳಿದು ಬಂದರು. ಬೋಡಿಯ ಕಡೆಯಿಂದ ನಮ್ಮನೆಯವರೂ ಸುತ್ತಿಗೆ ಹೊತ್ತು ಓಡಿ ಬಂದರು. ಕಂಬಿಯನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಖಾಲಿ ತಂಬಿಗೆ. ಆ ಒಂದು ನೋಟದಲ್ಲಿ ನನಗೆ ಹುಣಸೆಬೀಜದ ಅರ್ಥ ಪೂರ್ತಿ ತಿಳಿಯಿತು. ಕಾಲ ಕೆಳಗಿನ ನೆಲವೂ ಜಾರಿದಂತಾಯಿತು.

"ಯಾರ ಪಾಲಿನ ಕಂಬಿ ಇದು?" ಇಂಜಿನಿಯರ್ ತಮಿಳಿನಲ್ಲಿ ಕೇಳಿದರು.

"ನಂದು ಸಾರ್" ಎಂದರು ಇವರು. "ತಪ್ಪು ನಂದೇ. ತಿರುವಿಗೆ ಗ್ರೀಸು ತರುವಾಗ ಚೆಲ್ಲಿಬಿಟ್ಟೆ."

ಇಂಜಿನಿಯರ್ ಬಾಗಿ ಕಂಬಿಯನ್ನು ಒಂದು ಬೆರಳಿನಿಂದ ಸವರಿ ಮೂಗಿಗೆ ಹಿಡಿದರು. "ಗ್ರೀಸಾ ಇದು? ಇದು ಹರಳೆಣ್ಣೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದಳು. ಸಾಯೋವರೆಗೂ ಮರೆಯಲ್ಲ ನಾನು ಈ ವಾಸನೆ." ಜೇಬಿನಿಂದ ಪುಸ್ತಕ ತೆಗೆದರು. "ನಿಜ ಹೇಳು. ಯಾರು?"

ಇವರು ತಲೆ ತಗ್ಗಿಸಿ ನಿಂತರು. ನನಗೆ ಕಣ್ಣ ಮುಂದೆ ಪೆಟ್ಟಿಗೆ ಕಂಡಿತು, ಬಸ್ಸು ಕಂಡಿತು, ಕಂಡೇ ಇಲ್ಲದ ಸಮುದ್ರವೂ ಕಂಡಿತು. ಅಳುತ್ತಲೇ ಮುಂದೆ ಹೋದೆ. ಅತ್ತೆ ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡೆ.

"ಸಾರ್, ನಾನು ಅವರ ಮನೆಯವಳು. ಅವರಿಗೆ ಏನೂ ಗೊತ್ತಿಲ್ಲ. ಎಣ್ಣೆ ಇಟ್ಟಿದ್ದು ನಾನು."

"ಅವ್ಳಲ್ಲ, ನಾನು!" ಎಂದು ಅತ್ತೆ ನುಗ್ಗಿದರು. "ಅರಕೆ ನಂದು, ಎಣ್ಣೆ ನಂದು. ಈ ಮಾರು ನಂದು."

"ಆ ಮಾರು ನಂದು ಸಾರ್" ಎಂದಳು ವಳ್ಳಿಯಕ್ಕ, ಬಿಟ್ಟುಕೊಡಲು ಮನಸ್ಸಿಲ್ಲದವಳ ಹಾಗೆ. "ನಂದು ಹರಳೆಣ್ಣೆ ಅಲ್ಲ, ಒಳ್ಳೆ ಎಳ್ಳೆಣ್ಣೆ."

ಅಷ್ಟೇ. ಬೀದಿಯ ಹೆಂಗಸರೆಲ್ಲ ಇದು ನಂದು, ಅದು ನಂದು ಎಂದು ಬೆರಳು ತೋರಿಸತೊಡಗಿದರು. ಗದ್ದೆ ಅಳೆದು ಹಂಚಿಕೊಂಡವರ ಹಾಗೆ. ಇಂಜಿನಿಯರ್ ಪುಸ್ತಕ ತೆರೆದು ಹಿಡಿದವರು ಯಾರ ಹೆಸರು ಬರೆಯುವುದು ಎಂದು ತೋಚದೆ ನಿಂತರು. ಮೇಲಿನಿಂದ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಸಾರ್, ಇಂಜಿನ್ನಿಗೆ ಎಣ್ಣೆ ಸ್ನಾನ ಆಯ್ತು. ಇನ್ನು ಸೀಗೆಪುಡಿ ಯಾರು ಹಾಕ್ತಾರೆ?"

ಡ್ರೈವರ್ ಹೇಳಿದ್ದು ತಮಾಷೆಗೆ. ನನಗೆ ಅದು ದೇವರೇ ಹೇಳಿದ ಹಾಗೆ ಕೇಳಿಸಿತು. ಜಿಡ್ಡು ತೆಗೆಯುವುದನ್ನು ನಮಗೆ ಯಾರು ಕಲಿಸಬೇಕು? ನಾನು ಕಣ್ಣೊರೆಸಿಕೊಂಡು, "ಸಾರ್, ಅರ್ಧ ಗಂಟೆ ಕೊಡಿ. ಎಣ್ಣೆ ಇಟ್ಟವರೇ ಉಜ್ಜಿ ಕೊಡ್ತೀವಿ" ಎಂದೆ.

ಇಂಜಿನಿಯರ್ ನಮ್ಮನೆಯವರ ಮುಖ ನೋಡಿದರು. ಇವರು, "ಆಗತ್ತೆ ಸಾರ್" ಎಂದರು. ಗಾಡಿಯನ್ನು ಇಳಿಜಾರಿನಲ್ಲಿ ಎಣ್ಣೆ ಇಲ್ಲದ ಜಾಗದವರೆಗೆ ನಿಧಾನವಾಗಿ ಹಿಂದಕ್ಕೆ ಬಿಟ್ಟು, ಬ್ರೇಕ್ ಹಾಕಿ, ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದರು. ಇವರು ಕೆಂಪು ಬಾವುಟ ಹಿಡಿದು ಇಂಜಿನ್ನಿಗೂ ನಮಗೂ ನಡುವೆ ನಿಂತರು. ಗಾಡಿಯ ಜೊತೆ ಬಂದಿದ್ದ ಆಳುಗಳು ಚಕ್ರಗಳನ್ನು ಒರೆಸತೊಡಗಿದರು.

ಬೀದಿ ಓಡಿತು, ಬೀದಿ ಓಡಿ ಬಂತು. ಒಲೆಯ ಬೂದಿ, ಸೀಗೆಪುಡಿ, ತೆಂಗಿನ ನಾರು, ಬಿಸಿನೀರಿನ ಕೊಡ, ಹಳೇ ಸೀರೆ. ಒಬ್ಬೊಬ್ಬರೂ ತಮ್ಮ ತಮ್ಮ ಮಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ದೀಪಾವಳಿಯ ಬೆಳಿಗ್ಗೆ ಮಕ್ಕಳ ತಲೆ ತಿಕ್ಕುವ ಹಾಗೆ ತಿಕ್ಕಿದೆವು. ಅತ್ತೆ ಮೇಸ್ತ್ರಿ. "ಏ, ಅಲ್ಲಿನ್ನೂ ಮಿನುಗ್ತದೆ ನೋಡು! ನಿನ್ ಗಂಡನ ತಲೆ ಇಂಗೇ ತಿಕ್ತೀಯಾ?" ನೀರು ಹೊಯ್ದು, ಸೀರೆಯಿಂದ ಒಣಗಿಸಿದೆವು. ಆದರೆ ಆಕಾಶ ಸುಮ್ಮನಿರಬೇಕಲ್ಲ, ತುಂತುರು ಮತ್ತೆ ಹಿಡಿಯಿತು.

"ಒಣ ಮರಳಿದ್ದರೆ ಸಾಕಿತ್ತು. ಈ ಮಳೆಯಲ್ಲಿ ಎಲ್ಲಿಂದ ತರಲಿ?" ಎಂದರು ಡ್ರೈವರ್.

ಎಲ್ಲರೂ ಒಟ್ಟಿಗೆ ವಳ್ಳಿಯಕ್ಕನ ಕಡೆ ತಿರುಗಿದೆವು. ಅವಳು ಕಡಲೆಕಾಯಿ ಹುರಿಯುವುದು ಮರಳಿನಲ್ಲಿ. ದಿನಾ ಬಾಣಲೆಯಲ್ಲಿ ಕಾದು ಕಾದು ಕಪ್ಪಗಾದ ಮರಳು. ಅದಕ್ಕೆ ಮಳೆಗಾಲವೆಂಬುದೇ ಇಲ್ಲ. ಅವಳು ಒಂದು ಕ್ಷಣ ಯೋಚಿಸಿದಳು. ವರ್ಷಗಟ್ಟಲೆ ಹದ ಬಂದ ಮರಳು ಅದು. ಆಮೇಲೆ, "ಅಯ್ಯೋ ಹೋಗ್ಲಿ, ಗಾಡಿ ಓಡ್ಲಿ" ಎಂದು ಹೋಗಿ, ಎರಡು ಬಕೆಟ್ ತುಂಬಿ, ಮೇಲೆ ಮೊರ ಮುಚ್ಚಿಕೊಂಡು ಬಂದಳು. ನಮ್ಮನೆಯವರು ಅದನ್ನು ಮುಷ್ಟಿಯಲ್ಲಿ ಹಿಡಿದು, ರಂಗೋಲಿ ಎಳೆಯುವ ಹಾಗೆ ಎರಡೂ ಕಂಬಿಯ ಮೇಲೆ ಸಣ್ಣಗೆ ಎಳೆದುಕೊಂಡು ಹೋದರು. ನಮ್ಮನ್ನೆಲ್ಲ ರಸ್ತೆಯಾಚೆ ಕಳಿಸಿ ಹಸಿರು ಬಾವುಟ ತೋರಿಸಿದರು.

ಇಂಜಿನ್ ಗರ್ಜಿಸಿತು. ನಾನು ಕಣ್ಣು ಮುಚ್ಚಿದೆ. ನಂದಗೋಪಾಲ, ಹನ್ನೆರಡು ಬೀಜ. ಹೆಚ್ಚು ಕೇಳುವುದಿಲ್ಲ. ಹನ್ನೆರಡು ಹುಣಸೆಬೀಜ ಹಿಡಿದುಕೊಳ್ಳಲಿ.

ಮರಳು ಕರಕರ ಎಂದು ನುರಿಯುವ ಸದ್ದು ಬಂತು. ಹುರಿದ ಕಡಲೆಕಾಯಿಯ ವಾಸನೆ ಬಂತು. ಕಣ್ಣು ಬಿಟ್ಟಾಗ ಇಂಜಿನ್ ನಮ್ಮ ಮುಂದೆ ಹೋಗುತ್ತಿತ್ತು. ಅದರ ಹಿಂದೆ ಜಲ್ಲಿ ತುಂಬಿದ ಡಬ್ಬಿಗಳು ಒಂದೊಂದಾಗಿ, ಧಡಕ್ ಎಂದು ಕೊಂಡಿ ಬಿಗಿದುಕೊಂಡು, ಏರು ಹತ್ತಿದವು. ವಳ್ಳಿಯಕ್ಕ ಕುಣಿದೇಬಿಟ್ಟಳು.

ಇಂಜಿನಿಯರ್ ಮಾತ್ರ ಇಂಜಿನ್ ಹತ್ತಿರಲಿಲ್ಲ. ಚಕ್ರ ಸುತ್ತಿದ ಜಾಗದಲ್ಲಿ ಬಾಗಿ ನೋಡುತ್ತಿದ್ದರು. ಕಂಬಿಯ ಮೇಲೆ ಹೆಬ್ಬೆರಳಿನಷ್ಟು ಅಗಲ ನೀಲಿ ತಿರುಗಿದ ಒಂದು ಕಲೆ. ನಿಂತಲ್ಲೇ ಸುತ್ತಿದ ಚಕ್ರ ಕಂಬಿಯನ್ನು ಸುಟ್ಟ ಗುರುತು. ಇವರು ಪಕ್ಕದಲ್ಲಿ ಹೋಗಿ ನಿಂತರು. ನಾನು ಕೇಳಿಸುವಷ್ಟು ಹತ್ತಿರದಲ್ಲಿದ್ದೆ.

"ಹೆಂಡತಿಗೋಸ್ಕರ ಸುಳ್ಳು ಹೇಳಿದೆ."

"ಹೌದು ಸಾರ್."

"ಮನೆಯಲ್ಲಿ ಎಷ್ಟು ಬೇಕಾದರೂ ಹೇಳಿಕೋ. ಕಂಬಿ ವಿಷಯದಲ್ಲಿ ಇದೇ ಕೊನೆ. ಕಂಬಿಯ ಮೇಲೆ ಏನು ನಡೆಯಿತೋ ಅದನ್ನೇ ಹೇಳಬೇಕು."

"ಸರಿ ಸಾರ್."

ಅವರು ಪುಸ್ತಕದಲ್ಲಿ ಬರೆದರು. ಬಹಳ ಹೊತ್ತು ಬರೆದರು. ಆಮೇಲೆ ಪೆನ್ನಿನ ತುದಿಯಿಂದ ಕಲೆಯನ್ನು ತೋರಿಸಿದರು. "ನಡೆದದ್ದನ್ನೆಲ್ಲ ಬರೆದಿದ್ದೇನೆ. ನಾಳೆ ಉಜ್ಜಿ ಸಮ ಮಾಡಲು ಆಳು ಕಳಿಸುತ್ತೇನೆ. ಆದರೂ ಇಂಥ ಗುರುತಿನಿಂದ ಬಿರುಕು ಹುಟ್ಟಬಹುದು. ದಿನಾ ನೋಡಬೇಕು. ಮಳೆ ಇರಲಿ, ಹಬ್ಬ ಇರಲಿ. ಎಲ್ಲಿ, ಹೇಗೆ ಆಯಿತು ಎಂದು ಕಣ್ಣಾರೆ ಕಂಡವನೇ ನೋಡಬೇಕು. ನೀನು ಬೇರೆ ಊರಿಗೆ ಹೋದರೆ ಇದನ್ನು ನೋಡುವವರು ಯಾರು?"

ಇವರಿಗೆ ಕೂಡಲೇ ಅರ್ಥವಾಗಲಿಲ್ಲ. ನನಗಾಯಿತು. ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟೆ. ನಾವು ಮಾಡಿದ ಕಲೆಯೇ ಇವರನ್ನು ಊರಿಗೆ ಕಟ್ಟಿಹಾಕಿತ್ತು.

ಅತ್ತೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಇಟ್ಟ ಎಣ್ಣೆ ಎಲ್ಲಾ ತೊಳ್ದೇ ಓಯ್ತು. ಅರಕೆ ಏನಾತು?" ಎಂದು ತಂಬಿಗೆ ಬಗ್ಗಿಸಿ ನೋಡಿದರು. ತಳದಲ್ಲಿ ಒಂದು ಅಂಗೈಯಷ್ಟು ಉಳಿದಿತ್ತು. ಕಂಬಿಯನ್ನು ನೋಡಿದರು. "ಬೇಡಮ್ಮಾ!" ಎಂದು ಇಂಜಿನಿಯರ್ ಕೈಯೆತ್ತಿ ಕೂಗಿದರು. ಅತ್ತೆ ನಕ್ಕು, ಮಗನ ಹತ್ತಿರ ಹೋಗಿ, "ಬಗ್ಗಲಾ" ಎಂದರು. ಖಾಕಿ ಹಾಕಿಕೊಂಡ ನನ್ನ ಗಂಡ, ಊರೆಲ್ಲ ನೋಡುತ್ತಿರುವಾಗ, ಸುತ್ತಿಗೆಯನ್ನು ನೆಲಕ್ಕೂರಿ ತಲೆ ಬಗ್ಗಿಸಿದರು. ಅತ್ತೆ ಉಳಿದ ಎಣ್ಣೆಯನ್ನೆಲ್ಲ ನೆತ್ತಿಗೆ ಸುರಿದು ತಟ್ಟಿದರು. ಅದು ಹಣೆಗಿಳಿದು, ಮೂಗಿನ ಮೇಲೆ ಹರಿದು, ಅಂಗಿಯ ಗುಂಡಿಯ ಮೇಲೆ ತೊಟ್ಟಿಕ್ಕಿತು. ಅವರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು.

"ನಿಮ್ಗೂ ಒಸಿ ಸಾಮಿ?" ಎಂದು ಅತ್ತೆ ಇಂಜಿನಿಯರ್ ಕಡೆ ಕೈ ಚಾಚಿದರು.

"ನನಗೆ ಬೇಡ ತಾಯಿ. ನಾನೂ ಏರು ಹತ್ತಬೇಕು" ಎಂದು ಅವರು ನಗುತ್ತಾ ಹೊರಟರು. ಅವರು ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು ಎಂದು ಇವರು ಆಮೇಲೆ ಹೇಳಿದರು.

ಆ ಸಂಜೆ ದೀಪ ಹಚ್ಚಿ ಎಣಿಸಲು ಕೂತರೆ ಎರಡು ಕೈಯ ಬೆರಳೂ ಸಾಲಲಿಲ್ಲ. ಮಗಳ ಬೆರಳನ್ನೂ ಸೇರಿಸಿಕೊಂಡೆ. ಮರುದಿನ ವಳ್ಳಿಯಕ್ಕನಿಗೆ ವೈಗೈ ಹೊಳೆಯಿಂದ ಎರಡು ಬಕೆಟ್ ಹೊಸ ಮರಳು ತರಿಸಿಕೊಟ್ಟೆವು. ಹದ ಬರಲು ಒಂದು ವರ್ಷ ಬೇಕು ಎಂದು ಅವಳು ಪೊಂಗಲ್‌ವರೆಗೂ ಗೊಣಗಿದಳು.

ಕಂಬಿಯ ಮೇಲಿನ ಆ ಕಲೆ ಈಗ ಕಾಣುವುದೇ ಇಲ್ಲ. ಉಜ್ಜಿ ಸಮ ಮಾಡಿದ ಮೇಲೆ ಚಕ್ರಗಳು ಓಡಿ ಓಡಿ ಅದನ್ನೂ ಬೆಳ್ಳಿಯ ಗೆರೆ ಮಾಡಿಬಿಟ್ಟಿವೆ. ಇವರು ಮಾತ್ರ ದಿನಾ ಅಲ್ಲಿ ನಿಂತು ಬಗ್ಗಿ ನೋಡುತ್ತಾರೆ.

ಗಾಡಿ ಹೊರಟಿತು. ಅತ್ತೆ ಎದುರಿನ ಹೆಂಗಸಿಗೆ ಕಥೆ ಶುರು ಮಾಡಿಯಾಗಿತ್ತು. "ನಾ ಎಣ್ಣೆ ಇಟ್ಟ ಮ್ಯಾಕೇ ಈ ಗಾಡಿ ಓಡಿದ್ದು, ಗೊತ್ತಾ?" ಆ ಹೆಂಗಸು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ.

ಗಾಡಿ ನಿಲ್ಲದ ನಮ್ಮೂರಿನ ಗೇಟು ಬಂತು. ಗೇಟಿನ ಈಚೆ, ಬೇಲಿಯ ಪಕ್ಕ ಇವರು ನಿಂತಿದ್ದರು. ಮಧ್ಯಾಹ್ನವೇ ಕೆಲಸ ಮುಗಿಸಿ ಬಂದಿದ್ದವರು. ಶನಿವಾರವಲ್ಲವೇ, ಸ್ನಾನಕ್ಕೆ ನೀರು ಕಾಯಲಿಟ್ಟು, ನೆತ್ತಿಗೆ ಎಣ್ಣೆ ಇಟ್ಟು ನೆನೆಯಲು ಕೂರಿಸಿ ನಾವು ಬೋಡಿಗೆ ಬಸ್ ಹತ್ತಿದ್ದೆವು. ಎಣ್ಣೆ ತಲೆಯಲ್ಲೇ, ಹೆಗಲಿಗೆ ಟವಲು ಹಾಕಿಕೊಂಡು ಎದ್ದು ಬಂದಿದ್ದಾರೆ. ಸಂಜೆಯ ಬಿಸಿಲಿಗೆ ನೆತ್ತಿ ಮಿರಮಿರ ಮಿನುಗುತ್ತಿತ್ತು.

"ಬೊಮ್ಮಾ! ಲೇ ಬೊಮ್ಮಾ!" ಅತ್ತೆ ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗಿದರು.

ಇವರು ತಲೆ ಎತ್ತಲಿಲ್ಲ. ಸೊಂಟಕ್ಕೆ ಕೈಯಿಟ್ಟು, ಸ್ವಲ್ಪ ಬಾಗಿ, ಓಡುವ ಚಕ್ರಗಳನ್ನೇ ನೋಡುತ್ತಿದ್ದರು. ಒಂದೊಂದನ್ನೂ. ಗಾಡಿ ದಾಟಿಹೋಯಿತು.

"ನೋಡ್ಲೇ ಇಲ್ವಲ್ಲೇ ಲಚ್ಚೀ" ಎಂದರು ಅತ್ತೆ, ಮುಖ ಸಣ್ಣ ಮಾಡಿಕೊಂಡು.

"ನೋಡಿದ್ರು ಅತ್ತೆ" ಎಂದೆ. "ನಾವು ಕೂತಿರೋ ಚಕ್ರಾನೂ ನೋಡಿದ್ರು."